ಟಿ.ವಿ. ಕೇಬಲ್‌ನ ಜಾಲರಿ ಕಲಿಸಿದ ಪಾಠ

ಹತ್ತನೆಯ ತರಗತಿಯ ಬೋಧನಾಭ್ಯಾಸಕ್ಕೆ ನಾನು ಆಯ್ದುಕೊಂಡ ವಿಷಯ ಕೋಆಕ್ಸಿಯಲ್ ಕೇಬಲ್. ಟಿ.ವಿ. ಕೇಬಲ್‌ನ ತುಂಡುಗಳನ್ನು ಸುಲಿದು ಗುಂಪುಗಳಿಗೆ ಕೊಟ್ಟೆ. ನಡುವಿನ ತಂತಿ, ಬಿಳಿ ಅವಾಹಕ, ಲೋಹದ ಜಾಲರಿ, ಹೊರಗಿನ ಹೊದಿಕೆ: ನಾಲ್ಕನ್ನೂ ಮಕ್ಕಳು ಗುರುತಿಸಿದರು. ಜಾಲರಿ ಏಕೆಂದು ಒಬ್ಬಳು ಕೇಳಿದಾಗ, "ಕೇಬಲ್ ಗಟ್ಟಿಯಾಗಿರಲು" ಎಂದುಬಿಟ್ಟೆ. "ಹಾಗಾದರೆ ಟಿ.ವಿ. ಪಿನ್ನಿಗೆ ಅದನ್ನೂ ಏಕೆ ಸೇರಿಸುತ್ತಾರೆ, ಮಿಸ್?" ಎಂದಳು. ಉತ್ತರ ತೋಚಲಿಲ್ಲ.

ಮರುದಿನ ನನ್ನ ತಪ್ಪನ್ನು ಕಪ್ಪುಹಲಗೆಯ ಮೇಲೆ ಬರೆದೇ ಪಾಠ ಆರಂಭಿಸಿದೆ. ಜಾಲರಿಯೇ ಎರಡನೆಯ ವಾಹಕ. ಸಂಕೇತದ ವಿದ್ಯುತ್ಕಾಂತೀಯ ಕ್ಷೇತ್ರ ಎರಡು ವಾಹಕಗಳ ನಡುವೆಯೇ ಉಳಿಯುತ್ತದೆ. ಹೊರಗಿನ ಗದ್ದಲ ಒಳಬರುವುದು ಕಡಿಮೆ. ಹಾಗಾಗಿ ನೂರಾರು ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಒಂದೇ ಕೇಬಲ್ ಒಯ್ಯಬಲ್ಲದು. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಇಂಥ ಕೇಬಲ್‌ಗೆ ಪೇಟೆಂಟ್ ಪಡೆದಿದ್ದರು.

ಅಮೆರಿಕದಲ್ಲಿ ಟಿ.ವಿ.ಗಾಗಿ ಎಳೆದ ಕೇಬಲ್ಲೇ ಮುಂದೆ ಬ್ರಾಡ್‌ಬ್ಯಾಂಡ್‌ಗೂ ಒದಗಿತು. ಆದರೆ ದಾರಿಯಲ್ಲಿದ್ದ ವರ್ಧಕಗಳು ಬಹುಪಾಲು ಮನೆಯ ಕಡೆಗಷ್ಟೇ ಸಂಕೇತ ಕಳಿಸುತ್ತಿದ್ದವು. ಇಂಟರ್‌ನೆಟ್‌ಗೆ ಮನೆಯಿಂದ ಹಿಂದಿರುಗುವ ದಾರಿಯೂ ಬೇಕು. ದ್ವಿಮುಖ ವರ್ಧಕಗಳು ಬಂದವು. ಮುಖ್ಯ ಹಾದಿಗೆ ಆಪ್ಟಿಕಲ್ ಫೈಬರ್ ಬಂತು. 1997ರಲ್ಲಿ ಕೇಬಲ್ ಮೋಡೆಮ್‌ಗಳಿಗೆ ಡಾಕ್ಸಿಸ್ ಎಂಬ ಮಾನದಂಡ ರೂಪುಗೊಂಡಿತು. ಮನೆ ತಲುಪುವ ಕೊನೆಯ ಭಾಗ ಮಾತ್ರ ಕೋಆಕ್ಸಿಯಲ್ ಆಗಿಯೇ ಉಳಿಯಿತು.

ನನ್ನ ಪಾಠಯೋಜನೆಯಲ್ಲಿ ಭಾಗಗಳ ಹೆಸರುಗಳಿದ್ದವು, ಅವುಗಳ ಕೆಲಸ ಇರಲಿಲ್ಲ. ಈಗ ಪ್ರತಿ ಭಾಗದ ಎದುರು "ಇದು ಇಲ್ಲದಿದ್ದರೆ?" ಎಂಬ ಕಾಲಂ ಸೇರಿಸಿದ್ದೇನೆ. ಅದನ್ನು ಮೊದಲು ನಾನು ತುಂಬುತ್ತೇನೆ. ಆಮೇಲೆ ತರಗತಿಗೆ ಹೋಗುತ್ತೇನೆ.