ವಿಕಿರಣೌಷಧಗಳ ತಯಾರಿಕೆ: ಕಾಲ ಮತ್ತು ಶುದ್ಧಿ

ಕಪಿಲೆಯ ದಡದ ನಂಜನಗೂಡಿಗೂ ಔಷಧಕ್ಕೂ ಇರುವ ನಂಟು ಊರಿನ ಹೆಸರಿನಲ್ಲಿಯೇ ಅಡಗಿದೆ. ನಂಜನ್ನುಂಡು ಲೋಕವನ್ನು ಉಳಿಸಿದವನು ನಂಜುಂಡ. ಅವನ ನೆಲೆ ನಂಜನಗೂಡು. ಬಿ.ವಿ. ಪಂಡಿತರು 1913ರಲ್ಲಿ ಇಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯು ನಾಡಿನ ಮನೆಮನೆಗೂ ಪರಿಚಿತವಾಯಿತು. ಇಂದು ಊರಿನ ಕೈಗಾರಿಕಾ ಪ್ರದೇಶದಲ್ಲಿ ಜುಬಿಲೆಂಟ್ ಸಮೂಹದ ಕಾರ್ಖಾನೆಯು ಮಾತ್ರೆಗಳಿಗೆ ಬೇಕಾದ ಮೂಲದ್ರವ್ಯಗಳನ್ನು ತಯಾರಿಸುತ್ತದೆ. ಇದೇ ಸಮೂಹವು 2008ರಲ್ಲಿ ಕೆನಡಾದ ಡ್ರಾಕ್ಸಿಸ್ ಸಂಸ್ಥೆಯನ್ನು ಕೊಂಡು, ಆ ದೇಶದಲ್ಲಿ ವಿಕಿರಣೌಷಧಗಳನ್ನೂ ತಯಾರಿಸುತ್ತ ಬಂದಿದೆ. ಒಡೆತನ ಒಂದೇ ಆದರೂ ಈ ಎರಡು ಕೆಲಸಗಳ ಸ್ವಭಾವ ಬೇರೆ ಬೇರೆ. ನಂಜನಗೂಡಿನ ದ್ರವ್ಯವನ್ನು ಪೀಪಾಯಿಯಲ್ಲಿ ತುಂಬಿ ತಿಂಗಳುಗಟ್ಟಲೆ ಇಡಬಹುದು. ವಿಕಿರಣೌಷಧವಾದರೋ ತಯಾರಾಗುತ್ತಿರುವಾಗಲೇ ಕ್ಷಯಿಸುತ್ತಿರುತ್ತದೆ. ಈ ಭೇದದಿಂದ ರಸಾಯನಶಾಸ್ತ್ರಕ್ಕೆ ಒದಗಿದ ಕಷ್ಟವೇನು, ಅದಕ್ಕೆ ಕಂಡುಕೊಂಡ ಪರಿಹಾರವೇನು ಎಂಬುದು ವಿಚಾರಾರ್ಹವಾಗಿದೆ.

ವಿಕಿರಣೌಷಧಕ್ಕೆ ಎರಡು ಅಂಗಗಳು. ಒಂದು, ವಿಕಿರಣಪಟುವಾದ ಪರಮಾಣು. ಇನ್ನೊಂದು, ಅದನ್ನು ಹೊತ್ತು ದೇಹದ ತಕ್ಕ ಎಡೆಗೆ ಒಯ್ಯುವ ವಾಹಕ ಅಣು. ಆಯುರ್ವೇದವು ಔಷಧದೊಡನೆ ಅನುಪಾನಕ್ಕೆ ಕೊಟ್ಟ ಪ್ರಾಮುಖ್ಯವನ್ನು ಬಲ್ಲವರಿಗೆ ಈ ಜೋಡಣೆ ಹೊಸತೆನಿಸದು. ಪರಮಾಣು ಹೊರಸೂಸುವ ಗ್ಯಾಮಾ ಕಿರಣಗಳನ್ನು ಹೊರಗಿನ ಕ್ಯಾಮರಾ ಗ್ರಹಿಸಿ ಚಿತ್ರ ಬರೆದರೆ ಅದು ರೋಗನಿದಾನ. ಬೀಟಾ ಕಣಗಳು ರೋಗಗ್ರಸ್ತ ಜೀವಕೋಶಗಳನ್ನು ನಾಶಪಡಿಸಿದರೆ ಅದು ಚಿಕಿತ್ಸೆ. ಹಂಗೆರಿಯಲ್ಲಿ ಜನಿಸಿದ ಹೆವೆಶಿ 1923ರಲ್ಲಿ ವಿಕಿರಣಪಟು ಸೀಸದ ನೆರವಿನಿಂದ ಗಿಡದೊಳಗೆ ಸೀಸ ಸಾಗುವ ದಾರಿಯನ್ನು ಪತ್ತೆಮಾಡಿದುದು ಈ ಶಾಸ್ತ್ರದ ಅಡಿಗಲ್ಲು. ಅವನಿಗೆ 1943ರ ನೊಬೆಲ್ ಪಾರಿತೋಷಕ ಸಂದಿತು.

ವಿಕಿರಣಪಟು ದ್ರವ್ಯವು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲಕ್ಕೆ ಅರ್ಧಾಯುಷ್ಯವೆಂದು ಹೆಸರು. ಫ್ಲೂರಿನ್-18ಕ್ಕೆ ಇದು ಸುಮಾರು 110 ನಿಮಿಷ, ಟೆಕ್ನೀಷಿಯಮ್-99ಎಮ್‌ಗೆ 6 ಗಂಟೆ, ಲುಟೀಷಿಯಮ್-177ಕ್ಕೆ 6.65 ದಿನ, ಅಯೊಡಿನ್-131ಕ್ಕೆ 8 ದಿನ. ಈ ಅಂಕಿಗಳ ಅರ್ಥ ಒಂದು ಸರಳ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ತಿರುಮಕೂಡಲು ನರಸೀಪುರದ ರೋಗಿಯೊಬ್ಬನು ಸುಮಾರು 30 ಕಿಲೋಮೀಟರ್ ಕ್ರಮಿಸಿ ಮೈಸೂರಿನ ಆಸ್ಪತ್ರೆಗೆ ಬಂದು ಕಾದಿರುವನೆಂದು ಭಾವಿಸೋಣ. ಅವನಿಗೆ ಬೇಕಾದ ಫ್ಲೂರಿನ್ ಔಷಧ ಬೆಂಗಳೂರಿನಲ್ಲಿ ತಯಾರಾಗಿ ಮೂರು ಗಂಟೆ ರಸ್ತೆಯಲ್ಲಿ ಬರಬೇಕು. ತಯಾರಿಕೆಗೇ ಎರಡು ಗಂಟೆ ಹಿಡಿದರೆ, ಅವನ ತೋಳಿಗೆ ಸೂಜಿ ಚುಚ್ಚುವ ವೇಳೆಗೆ ಮೊದಲಿದ್ದ ನೂರರಲ್ಲಿ ಸುಮಾರು 15 ಪಾಲು ಉಳಿದಿರುತ್ತದೆ. ತಯಾರಿಕೆ 50 ನಿಮಿಷಗಳಲ್ಲಿ ಮುಗಿದರೆ 23 ಪಾಲು ಉಳಿಯುತ್ತದೆ. ರಸ್ತೆಯನ್ನು ಕಿರಿದುಗೊಳಿಸುವುದು ರಸಾಯನಜ್ಞನ ಕೈಯಲ್ಲಿಲ್ಲ. ಪ್ರಯೋಗಶಾಲೆಯಲ್ಲಿ ಕಳೆಯುವ ಹೊತ್ತನ್ನು ಕಿರಿದುಗೊಳಿಸುವುದು ಅವನ ಕೈಯಲ್ಲಿದೆ.

ಈ ಸಾಧನೆಗೆ ಉತ್ತಮ ನಿದರ್ಶನ ಎಫ್.ಡಿ.ಜಿ. ಎಂಬ ಸಕ್ಕರೆ. ಅರ್ಬುದದ ಕೋಶಗಳಿಗೆ ಸಕ್ಕರೆಯ ಹಸಿವು ಹೆಚ್ಚು. ಗ್ಲೂಕೋಸಿನ ಒಂದು ಎಡೆಯಲ್ಲಿ ಫ್ಲೂರಿನ್-18 ಅನ್ನು ಕೂಡಿಸಿ ಕೊಟ್ಟರೆ, ಅವು ಅದನ್ನು ಸೆಳೆದುಕೊಂಡು ಜೀರ್ಣಿಸಲಾರದೆ ಒಳಗೇ ಉಳಿಸಿಕೊಳ್ಳುತ್ತವೆ. ಚಿತ್ರದಲ್ಲಿ ಆ ಸ್ಥಳ ಬೆಳಗುತ್ತದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ಇದನ್ನು ತಯಾರಿಸಿ, 1976ರಲ್ಲಿ ವಿಮಾನದ ಮೂಲಕ ಫಿಲಡೆಲ್ಫಿಯಾಕ್ಕೆ ಕಳುಹಿಸಿ ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ಅಂದಿನ ವಿಧಾನದಲ್ಲಿ ಫ್ಲೂರಿನ್ ಅನಿಲವನ್ನೇ ಬಳಸುತ್ತಿದ್ದರು. ಆ ಅನಿಲದ ಅಣುವಿನಲ್ಲಿರುವ ಎರಡು ಪರಮಾಣುಗಳಲ್ಲಿ ಒಂದು ಮಾತ್ರ ಸಕ್ಕರೆಗೆ ಸೇರುತ್ತಿದ್ದುದರಿಂದ ಅರ್ಧದಷ್ಟು ವಿಕಿರಣ ಮೊದಲೇ ನಷ್ಟ. ಕಡೆಗೆ ದೊರೆಯುತ್ತಿದ್ದುದು ಅತ್ಯಲ್ಪ.

ಜರ್ಮನಿಯ ಯೂಲಿಷ್‌ನಲ್ಲಿ ಹಾಮಾಕರ್, ಕೋನೆನ್, ಸ್ಟಾಕ್ಲಿನ್ ಎಂಬ ವಿಜ್ಞಾನಿಗಳು 1986ರಲ್ಲಿ ಬೇರೆಯೇ ದಾರಿ ತೋರಿದರು. ನೀರಿನಲ್ಲಿರುವ ಫ್ಲೂರೈಡ್ ಅಯಾನಿನ ಸುತ್ತ ನೀರಿನ ಅಣುಗಳು ಮುತ್ತಿರುವುದರಿಂದ ಅದಕ್ಕೆ ಕ್ರಿಯಾಶಕ್ತಿ ಕಡಮೆ. ಆದಕಾರಣ ಮೊದಲು ನೀರನ್ನು ಆರಿಸಬೇಕು. ಬಳಿಕ ಪೊಟ್ಯಾಸಿಯಮ್ ಅಯಾನನ್ನು ಕ್ರಿಪ್ಟೊಫಿಕ್ಸ್ ಎಂಬ ಪಂಜರದಂತಹ ಅಣುವಿನಲ್ಲಿ ಹಿಡಿದಿಟ್ಟರೆ ಫ್ಲೂರೈಡ್ ಬಂಧಮುಕ್ತವಾಗುತ್ತದೆ. ಆಗ ಅದು ಮ್ಯಾನೋಸ್ ಸಕ್ಕರೆಯ ಮೇಲೆ ಮುಂಚೆಯೇ ಸಿದ್ಧಪಡಿಸಿಟ್ಟ ಸಡಿಲ ಗುಂಪನ್ನು ಹಿಂದಿನಿಂದ ತಳ್ಳಿ ತಾನು ಕುಳಿತುಕೊಳ್ಳುತ್ತದೆ. ಈ ತಳ್ಳುವಿಕೆಯಲ್ಲಿ ಅಣುವಿನ ರೂಪ ತಿರುಗಿ ಮ್ಯಾನೋಸು ಗ್ಲೂಕೋಸಿನ ವಿನ್ಯಾಸವನ್ನು ತಾಳುತ್ತದೆ. ಕೊನೆಗೆ ರಕ್ಷಣೆಗಾಗಿ ಹೊದಿಸಿದ್ದ ಅಸಿಟೈಲ್ ಗುಂಪುಗಳನ್ನು ಕಳಚಿದರೆ ಔಷಧ ಸಿದ್ಧ. ಸುಮಾರು 50 ನಿಮಿಷಗಳಲ್ಲಿ ಅರ್ಧಕ್ಕೂ ಮಿಕ್ಕಿ ಫಲ ದೊರೆಯಿತು. ಹಂತಗಳು ನಿಯತವಾದ್ದರಿಂದ ಸೀಸದ ಗೋಡೆಗಳೊಳಗೆ ಯಂತ್ರವೇ ಈ ಕೆಲಸ ಮಾಡುವಂತಾಗಿ, ತಯಾರಕರ ಕೈಗಳಿಗೆ ತಗಲುವ ವಿಕಿರಣವೂ ತಗ್ಗಿತು.

ಟೆಕ್ನೀಷಿಯಮ್ಮಿನ ವಿಷಯದಲ್ಲಿ ಪರಿಹಾರ ಇನ್ನೂ ಸರಳ. ಅದರ ತಾಯಿದ್ರವ್ಯ ಮಾಲಿಬ್ಡಿನಮ್-99. ಅರ್ಧಾಯುಷ್ಯ 66 ಗಂಟೆ. ಸೀಸದ ಕವಚದೊಳಗಿನ ಕೊಳವೆಯಲ್ಲಿ ತಾಯಿದ್ರವ್ಯವನ್ನಿಟ್ಟು ಆಸ್ಪತ್ರೆಗೆ ಕಳುಹಿಸಿದರೆ, ಅಲ್ಲಿ ದಿನವೂ ಉಪ್ಪುನೀರು ಹಾಯಿಸಿ ಟೆಕ್ನೀಷಿಯಮ್ಮನ್ನು ಇಳಿಸಿಕೊಳ್ಳಬಹುದು. ಈ ಉಪಕರಣಕ್ಕೆ ತಜ್ಞರಲ್ಲಿ ಹಸುವೆಂದೂ ಆ ಕ್ರಿಯೆಗೆ ಹಾಲು ಕರೆಯುವುದೆಂದೂ ರೂಢಿಯ ಹೆಸರಿದೆ. ಎಕೆಲ್‌ಮನ್ ಮತ್ತು ರಿಚರ್ಡ್ಸ್ 1970ರಲ್ಲಿ ತವರದ ಲವಣ ಮತ್ತು ವಾಹಕ ಅಣುಗಳನ್ನು ಒಟ್ಟಿಗಿರಿಸಿ, ಕರೆದ ಟೆಕ್ನೀಷಿಯಮ್ಮನ್ನು ಅದಕ್ಕೆ ಸೇರಿಸಿದೊಡನೆ ಔಷಧವಾಗುವ ವಿಧಾನವನ್ನು ಪ್ರಕಟಿಸಿದರು. ಕಷ್ಟವಾದ ರಸಾಯನಕ್ರಿಯೆಯೆಲ್ಲ ಮೊದಲೇ ಸೀಸೆಯೊಳಗೆ ಮುಗಿದಿರುವುದರಿಂದ ದೂರದ ಆಸ್ಪತ್ರೆಯಲ್ಲಿ ಉಳಿಯುವುದು ಬೆರೆಸುವ ಕೆಲಸವೊಂದೇ.

ವೇಗವೊಂದೇ ಸಾಲದು, ಶುದ್ಧಿಯೂ ಬೇಕು. ವಾಹಕಕ್ಕೆ ಅಂಟದೆ ಉಳಿದ ಟೆಕ್ನೀಷಿಯಮ್ ಥೈರಾಯ್ಡ್ ಗ್ರಂಥಿಗೂ ಜಠರಕ್ಕೂ ಸೇರಿ ವೈದ್ಯರ ಕಣ್ಣಿಗೆ ಸುಳ್ಳು ಚಿತ್ರ ಒಡ್ಡುತ್ತದೆ. ಅಂಟದ ಲುಟೀಷಿಯಮ್ ಮೂಳೆಗಿಳಿದು ಅಸ್ಥಿಮಜ್ಜೆಯನ್ನು ಪೀಡಿಸುತ್ತದೆ. ಅದಕ್ಕಾಗಿ ಪ್ರತಿಯೊಂದು ತಯಾರಿಕೆಯ ಹನಿಯನ್ನೂ ಪಟ್ಟಿಯ ಮೇಲಿಟ್ಟು, ದ್ರವ ಮೇಲೇರಿದಂತೆ ಅಂಶಗಳು ಬೇರ್ಪಡುವುದನ್ನು ಅಳೆಯುತ್ತಾರೆ. ಒತ್ತುಕಾಗದದ ಮೇಲೆ ಶಾಯಿಯ ಬಣ್ಣಗಳು ಬೇರೆಯಾಗುವುದನ್ನು ಕಂಡ ವಿದ್ಯಾರ್ಥಿಗೆ ಈ ತತ್ತ್ವ ಅಪರಿಚಿತವಲ್ಲ.

ಭಾರತದ ಪ್ರಯತ್ನವೂ ಗಣನೀಯ. ಟ್ರಾಂಬೆಯ ಧ್ರುವ ರಿಯಾಕ್ಟರು 1985ರಲ್ಲಿ ಆರಂಭವಾದಾಗ ಪರಮಾಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ಕನ್ನಡಿಗರಾದ ಡಾ. ರಾಜಾ ರಾಮಣ್ಣನವರು. ಅಲ್ಲಿ ಲುಟೀಷಿಯಮ್-176ಕ್ಕೆ ನ್ಯೂಟ್ರಾನುಗಳನ್ನು ತಾಗಿಸಿ ಲುಟೀಷಿಯಮ್-177 ಪಡೆಯುತ್ತಾರೆ. ಈ ಮಾರ್ಗದಲ್ಲಿ ಮಾರ್ಪಡದ ಲುಟೀಷಿಯಮ್ಮೂ ಜೊತೆಗುಳಿದು ವಾಹಕ ಅಣುವಿಗಾಗಿ ಸ್ಪರ್ಧಿಸುತ್ತದೆ. ಆದ್ದರಿಂದ ವಾಹಕದ ಪ್ರಮಾಣ, ಆಮ್ಲತೆ, ಉಷ್ಣತೆ ಇವುಗಳನ್ನು ನಿಖರವಾಗಿ ಹೊಂದಿಸಬೇಕು. ಡೋಟಾಟೇಟ್ ಎಂಬ ವಾಹಕವನ್ನು ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸುವುದು ವಾಡಿಕೆ. ಸಿದ್ಧವಾದ ಔಷಧವು ತನ್ನ ಕಿರಣಗಳಿಂದ ತನ್ನ ವಾಹಕವನ್ನೇ ಒಡೆಯದಂತೆ ವಿಟಮಿನ್ ಸಿ ಮುಂತಾದ ರಕ್ಷಕಗಳನ್ನು ಬೆರೆಸುವುದುಂಟು. ಹೀಗೆ ರಕ್ಷಿತವಾದ ಔಷಧ ಒಂದು ದಿನದ ಪಯಣದಲ್ಲಿ ಹತ್ತನೆಯ ಒಂದು ಪಾಲನ್ನಷ್ಟೇ ಕಳೆದುಕೊಂಡು ಮುಂಬಯಿಯಿಂದ ಮೈಸೂರನ್ನು ತಲಪಬಲ್ಲದು.

ಸುಧಾರಣೆಯೆಂದರೆ ಇಲ್ಲಿ ಆಡಂಬರವಲ್ಲ. ಒಂದು ಹಂತ ಕಡಮೆ, ಒಂದು ಗಳಿಗೆ ಉಳಿತಾಯ, ಒಂದು ಕಲ್ಮಷ ದೂರ, ಇಷ್ಟೇ. ಆದರೆ ಉಳಿದ ಪ್ರತಿಯೊಂದು ಗಳಿಗೆಯೂ ಔಷಧ ಮುಟ್ಟುವ ಊರುಗಳ ವಲಯವನ್ನು ಹಿಗ್ಗಿಸುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಗಾಜಿನ ಪಾತ್ರೆಯನ್ನು ಚೊಕ್ಕಟವಾಗಿ ತೊಳೆದು, ಅಳತೆಯನ್ನು ತಪ್ಪದೆ ಬರೆದುಕೊಳ್ಳುವ ಬಾಲಕನು ಕಲಿಯುವುದೂ ಇದೇ ಶಿಸ್ತನ್ನು. ಅದನ್ನು ಕಲಿಸುವ ಗುರುವೂ ಆ ಪ್ರಯೋಗಶಾಲೆಗೆ ಪಾತ್ರೆ ಪರಿಕರಗಳನ್ನು ಒದಗಿಸುವ ದಾನಿಯೂ ತಾವು ಕಾಣದ ರೋಗಿಯೊಬ್ಬನ ಆರೋಗ್ಯದಲ್ಲಿ ಪಾಲುಗಾರರೆಂಬುದು ನಿಸ್ಸಂದೇಹ.