ಬಾಟಲಿ ಹುಡುಕಿದ ಎರಡು ದಿನ

ಅಣ್ಣ ಕುಡಿಯುವುದು ಬಿಟ್ಟು ನಾಲ್ಕು ದಿನವಾಗಿತ್ತು. ಆದರೂ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು, ಕಾಲು ಅಗಲಿಸಿಕೊಂಡು ತೂರಾಡುತ್ತಿದ್ದ. ಯಾರ ಕೈಲೋ ತರಿಸಿಕೊಂಡು ಕುಡಿದಿದ್ದಾನೆ ಅಂದುಕೊಂಡು ಹಾಸಿಗೆಯಡಿ, ಅಟ್ಟದ ಮೇಲೆಲ್ಲ ಬಾಟಲಿ ಹುಡುಕಿದೆ. ಸಿಗಲಿಲ್ಲ. ಅದಕ್ಕೂ ಅವನನ್ನೇ ಬೈದೆ. ಹಾಗೆ ಕಳೆದ ಎರಡು ದಿನ ಇವತ್ತಿಗೂ ನನ್ನನ್ನು ಚುಚ್ಚುತ್ತವೆ.

ಅದಕ್ಕೂ ಮೊದಲು ತಿಂಗಳುಗಟ್ಟಲೆ ಅವನು ನೆಟ್ಟಗೆ ಉಂಡಿರಲಿಲ್ಲ. ಅತ್ತಿಗೆ ಬಡಿಸಿದ ಮುದ್ದೆಯಲ್ಲಿ ಎರಡು ತುತ್ತು ಮುರಿದು, ಸಾರಿಗೆ ಅದ್ದಿ, ಹಾಗೇ ಕೈ ತೊಳೆದುಬಿಡುತ್ತಿದ್ದ. ಕುಡಿದರೆ ಲಿವರ್ ಹೋಗುತ್ತದೆ ಅನ್ನುವುದಷ್ಟೇ ನಮಗೆ ಗೊತ್ತಿದ್ದದ್ದು.

ಹತ್ತಿರದ ಆಸ್ಪತ್ರೆಯಲ್ಲಿ ಸುಸ್ತಿಗೆಂದು ಗ್ಲೂಕೋಸ್ ಏರಿಸಿ ಕಳಿಸಿದರು. ಮರುದಿನ ಎಲ್ಲ ಎರಡೆರಡು ಕಾಣುತ್ತಿದೆ ಅಂದ. ಕಣ್ಣುಗುಡ್ಡೆ ಅದುರುತ್ತಿತ್ತು. ನನ್ನನ್ನು ಅಮ್ಮ ಅಂದುಕೊಂಡು ಮಾತಾಡಿದ. ದೊಡ್ಡಾಸ್ಪತ್ರೆಯ ಡಾಕ್ಟರು ಕಣ್ಣು ನೋಡಿದವರೇ ಕೇಳಿದ್ದು, "ಇವರು ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತಮ್ಮಾ?"

ಅಣ್ಣನಿಗೆ ಬಂದದ್ದು 1881ರಲ್ಲಿ ಕಾರ್ಲ್ ವರ್ನಿಕೆ ವಿವರಿಸಿದ ಕಾಯಿಲೆ. ಥಯಾಮಿನ್, ಅಂದರೆ ವಿಟಮಿನ್ ಬಿ1, ಕಡಿಮೆಯಾದಾಗ ಬರುತ್ತದೆ. ಅದು ನಮ್ಮ ಮೈಯಲ್ಲಿ ಇರುವುದು ಎರಡು ಮೂರು ವಾರಕ್ಕಾಗುವಷ್ಟೇ. ಗ್ಲೂಕೋಸಿನಿಂದ ಮಿದುಳು ಶಕ್ತಿ ಪಡೆಯಲು ಅದು ಬೇಕೇ ಬೇಕು. ಹೆಂಡ ಕುಡಿಯುವವರು ಉಣ್ಣುವುದೂ ಕಡಿಮೆ, ಉಂಡದ್ದರಿಂದ ಕರುಳು ಹೀರುವುದೂ ಕಡಿಮೆ. ಅಂಥ ಮೈಗೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರು ಬಿ1 ಕೂಡ ಅದಕ್ಕೇ ಖರ್ಚಾಗಿಬಿಡಬಹುದು. ಅದಕ್ಕೇ ಮೊದಲು ಬಿ1 ಇಂಜೆಕ್ಷನ್, ಅದೂ ನರಕ್ಕೆ. ಈ ಹಂತದಲ್ಲಿ ಮಾತ್ರೆ ಸಾಲದು. ತೂರಾಟ, ಕಣ್ಣಿನ ತೊಂದರೆ, ಮಂಕು, ಈ ಮೂರೂ ಒಟ್ಟಿಗೆ ಕಾಣಿಸಿಕೊಳ್ಳುವುದು ಕೆಲವರಲ್ಲಿ ಮಾತ್ರವಂತೆ. ಒಂದೇ ಕಂಡರೂ ಕಾಯಬಾರದಿತ್ತು.

ಕಣ್ಣು ಕೆಲವೇ ದಿನಕ್ಕೆ ಸರಿಹೋಯಿತು, ನಡಿಗೆ ನಿಧಾನಕ್ಕೆ. ನೆನಪು ಬರಲಿಲ್ಲ. ಅದಕ್ಕೆ ಕೊರ್ಸಕಾಫ್ ಅಂತ ಬೇರೆ ಹೆಸರು. "ಬೆಳಿಗ್ಗೆ ಸಂತೆಗೆ ಹೋಗಿದ್ದೆ ಕಣೇ, ಸೊಗಡಿನ ಅವರೆಕಾಯಿ ಬಂದಿತ್ತು, ಎರಡು ಸೇರು ತಂದೆ" ಅನ್ನುತ್ತಾನೆ. ಮಂಚ ಬಿಟ್ಟು ಎದ್ದೇ ಇರುವುದಿಲ್ಲ. ಸುಳ್ಳು ಹೇಳ್ತೀಯಾ ಅಂತ ಮೊದಮೊದಲು ರೇಗುತ್ತಿದ್ದೆ. ಅವನು ಸುಳ್ಳು ಹೇಳುತ್ತಿಲ್ಲ. ನೆನಪು ಇರಬೇಕಾದ ಜಾಗ ಖಾಲಿಯಾಗಿದೆ, ಮಿದುಳು ತನಗೆ ಸಿಕ್ಕಿದ್ದನ್ನು ಅಲ್ಲಿ ತುಂಬುತ್ತದೆ, ಅವನು ಅದನ್ನೇ ನಂಬುತ್ತಾನೆ. ಈಗ "ಎಲ್ಲಿಟ್ಟೆ ಅಣ್ಣ, ಬಿಡಿಸ್ತೀನಿ" ಅನ್ನುತ್ತೇನೆ.

ಹೋದ ತಿಂಗಳು ನಮ್ಮ ಬೀದಿಯ ಹೆಂಗಸೊಬ್ಬರು ಕಣ್ಣೀರು ಹಾಕಿಕೊಂಡು ಬಂದರು. ಗಂಡ ಕುಡಿದಿಲ್ಲ ಅಂತಾನೆ, ಆದರೆ ತೂರಾಡ್ತಾನೆ ಅಂದರು. "ಅಕ್ಕಾ, ಬಾಟಲಿ ಹುಡುಕಬೇಡಿ. ಆಟೋ ಕರೆಸಿ. ಡಾಕ್ಟರಿಗೆ ಕುಡಿತದ ಜೊತೆಗೆ ಊಟ ಬಿಟ್ಟು ಎಷ್ಟು ದಿನವಾಯ್ತು ಅನ್ನುವುದನ್ನೂ ಹೇಳಿ, ಬಿ1 ಕೊಡ್ತೀರಾ ಅಂತ ಬಾಯಿಬಿಟ್ಟು ಕೇಳಿ" ಎಂದು ನಾನೂ ಚಪ್ಪಲಿ ಮೆಟ್ಟಿ ಅವರ ಜೊತೆ ಹೊರಟೆ.