‘ಬತ್ತಾ’: ಭತ್ತದಿಂದ ಹುಟ್ಟಿದ ಒಂದು ಇಂಗ್ಲಿಷ್ ಪದ

ಈಸ್ಟ್ ಇಂಡಿಯಾ ಕಂಪನಿಯ ಕಾಲದ ಇಂಗ್ಲಿಷ್ ಲೆಕ್ಕಪತ್ರಗಳಲ್ಲಿ ‘ಬತ್ತಾ’ ಎಂಬ ಪದ ಎರಡು ಅರ್ಥಗಳಲ್ಲಿ ಬಳಕೆಯಾಗಿದೆ. ಒಂದು, ಸೈನಿಕರಿಗೂ ನೌಕರರಿಗೂ ಸಂಬಳದ ಮೇಲೆ ಸಲ್ಲುತ್ತಿದ್ದ ಹೆಚ್ಚುವರಿ ಹಣ. ಇನ್ನೊಂದು, ನಾಣ್ಯ ವಿನಿಮಯದಲ್ಲಿ ಮುರಿದುಕೊಳ್ಳುತ್ತಿದ್ದ ವಟ್ಟ. ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ನಿಘಂಟು (1886) ಇವನ್ನು ಎರಡು ಬೇರೆ ಪದಗಳೆಂದೇ ಎಣಿಸಿದೆ.

ಎರಡನೆಯದು ಹಿಂದಿಯ ‘ಬಟ್ಟಾ’. ಬಂಗಾಳದ ಸಿಕ್ಕಾ ರೂಪಾಯಿ ಹಳೆಯದಾದಂತೆ, ತೂಕ ಸವೆಯದಿದ್ದರೂ, ಸರಾಫರು ಅದರ ಬೆಲೆಯಲ್ಲಿ ಬಟ್ಟಾ ಕಳೆಯುತ್ತಿದ್ದರು. 1835ರಲ್ಲಿ ಏಕರೂಪದ ರೂಪಾಯಿ ಬಂದ ಮೇಲೆ ಈ ಅರ್ಥ ಕ್ರಮೇಣ ಮರೆಯಾಯಿತು.

ಕನ್ನಡಿಗರ ಕುತೂಹಲಕ್ಕೆ ವಿಷಯವಾಗುವುದು ಮೊದಲನೆಯದು. ಕನ್ನಡದ ‘ಭತ್ತ’ವೇ ಪೋರ್ಚುಗೀಸರ ಬಾಯಲ್ಲಿ ಹಾದು ಇಂಗ್ಲಿಷನ್ನು ಸೇರಿತೆಂಬುದು ಆ ನಿಘಂಟುಕಾರರ ಅಭಿಪ್ರಾಯ. ‘ಭತ್ತ’ಕ್ಕೆ ಮೂಲ ಸಂಸ್ಕೃತದ ‘ಭಕ್ತ’, ಅಂದರೆ ಅನ್ನ. ಬರಿಯ ಧ್ವನಿಸಾಮ್ಯ ವ್ಯುತ್ಪತ್ತಿಗೆ ಆಧಾರವಾಗದು, ನಿಜ. ಆದರೆ ಇಲ್ಲಿ ಅರ್ಥವೂ ಜೊತೆಗೆ ನಡೆದಿದೆ: ಧಾನ್ಯ ಊಟದ ವೆಚ್ಚವಾಗಿ, ಊಟದ ವೆಚ್ಚ ನಗದಾಗಿ ಬದಲಾಗುವುದು ನಮ್ಮ ಭಾಷೆಗಳಿಗೆ ಹೊಸತಲ್ಲ. ‘ಉಂಬಳಿ’ಯಲ್ಲಿ ‘ಉಣ್’ ಧಾತುವಿದೆ. ಧಾನ್ಯದ ಅಳತೆಯಾದ ‘ಪಡಿ’ ತಮಿಳಿನಲ್ಲಿ ಇಂದಿಗೂ ಸರಕಾರಿ ಭತ್ಯೆಯ ಹೆಸರು. ‘ಪಯಣಪ್ಪಡಿ’, ‘ಅಗವಿಲೈಪ್ಪಡಿ’ ಎಂಬ ಮಾತುಗಳನ್ನು ಹೊಸೂರು, ತಾಳವಾಡಿಯ ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ. ಇಂಥ ಸಾಕ್ಷ್ಯವಿರುವಾಗ ನಿಘಂಟುಕಾರರ ಮಾತನ್ನು ಒಪ್ಪಬಹುದು. ಕನ್ನಡದ ‘ಭತ್ಯೆ’ಯ ಸಂಗತಿ ಮಾತ್ರ ಪ್ರತ್ಯೇಕ. ಅದರ ರೂಪ ಕೂಲಿ ಎಂಬರ್ಥದ ಸಂಸ್ಕೃತದ ‘ಭೃತ್ಯಾ’ಕ್ಕೆ ಹತ್ತಿರ, ‘ಭತ್ತ’ದೊಡನೆ ಅದನ್ನು ಅವಸರದಲ್ಲಿ ಬೆರೆಸಬಾರದು.

ಅನ್ನದ ನೆನಪು ಅಳಿದ ಬಳಿಕ ಈ ಹಣ ಸೇನೆಯಲ್ಲಿ ಹಕ್ಕಾಗಿ ಬಲಿಯಿತು. ಕ್ಲೈವ್ 1766ರಲ್ಲಿ ಬಂಗಾಳದ ‘ದುಪ್ಪಟ್ಟು ಬತ್ತಾ’ವನ್ನು ರದ್ದುಪಡಿಸಿದಾಗ ಐರೋಪ್ಯ ಅಧಿಕಾರಿಗಳು ಸಾಮೂಹಿಕವಾಗಿ ರಾಜೀನಾಮೆ ಕೊಡಲು ಸಂಚು ಹೂಡಿದರು. 1828ರಲ್ಲಿ ಬೆಂಟಿಂಕ್ ಕಲ್ಕತ್ತೆಗೆ ಸಮೀಪದ ಕೆಲವು ನೆಲೆಗಳಲ್ಲಿ ಅದನ್ನು ಅರ್ಧಕ್ಕಿಳಿಸಿದ್ದಕ್ಕೂ ಬಹುಕಾಲ ದ್ವೇಷ ಕಟ್ಟಿಕೊಳ್ಳಬೇಕಾಯಿತು.

ಇಂಗ್ಲೆಂಡಿನ ಇಂಗ್ಲಿಷಿಗೆ ಇಂದು ಈ ಪದ ಅಪರಿಚಿತ. ಆದರೆ ನಮ್ಮ ನ್ಯಾಯಾಲಯಗಳಲ್ಲಿ ಸಾಕ್ಷಿಗೆ ಬತ್ತಾ ಕಟ್ಟುತ್ತಾರೆ. ದಕ್ಷಿಣದ ಬಾಡಿಗೆ ಕಾರಿನ ಚಾಲಕ ದಿನದ ಕೊನೆಗೆ ‘ಬಾಟಾ’ ಕೇಳುತ್ತಾನೆ, ಮತ್ತು ಅದನ್ನು ಊಟದ ಖರ್ಚೆಂದೇ ತಿಳಿಯುತ್ತಾನೆ.